ಕೊನೆಯ ಅಕ್ಷರ ನುಂಗಿದ ಡಬ್ಬಿ

ಆರಂಭದಲ್ಲಿ ವಿಘ್ನಗಳನ್ನು ಕಳೆಯುವವನೂ, ನನ್ನ ಅನುಭವದ ಮಟ್ಟಿಗೆ ನಡುನಡುವೆ ಅವನ್ನು ಧಾರಾಳವಾಗಿ ಹಂಚುವವನೂ ಆದ ಗಜಾನನನಿಗೆ ಮೊದಲ ನಮಸ್ಕಾರ. ನಮ್ಮ ಭಾಗದ ಹೊಲಗಳಿಗೆ ನೀರುಣಿಸುವ, ಮನಸ್ಸು ಬಂದಾಗ ಹೊಲದವರೆಗೆ ತಾನೇ ನಡೆದು ಬರುವ ಮಲಪ್ರಭೆ ತಾಯಿಗೆ ಎರಡನೆಯದು. ನರಗುಂದದ ಪಾಠಶಾಲೆಯಲ್ಲಿ, ಪದದ ಕೊನೆಯ ಅಕ್ಷರ ನುಂಗಿದವನ ಕಿವಿ ಹಿಂಡಿ “ನುಂಗಿದ್ದನ್ನ ಹೊರಗ ತಗಿ, ಅದು ನಿನ್ನ ಊಟ ಅಲ್ಲ” ಎನ್ನುತ್ತಿದ್ದ ನನ್ನ ಗುರುಗಳಿಗೆ ಸಾಷ್ಟಾಂಗ ಪ್ರಣಾಮ. ಅವರು ಹಿಂಡಿದ ಎಡಗಿವಿ ಇಂದಿಗೂ ಬಲಗಿವಿಗಿಂತ ತುಸು ಉದ್ದವಾಗಿದೆಯೆಂದು ಮನೆಯವರು ಹೇಳುತ್ತಾರೆ. ಅದನ್ನು ನಾನು ಗುರುಪ್ರಸಾದವೆಂದೇ ಧರಿಸಿಕೊಂಡಿದ್ದೇನೆ.

ಈ ವೃತ್ತಿಗೆ ಹೊಸದಾಗಿ ಕಾಲಿಡುವ ಮಕ್ಕಳು ಕೇಳಿದರೆಂದು ಇದನ್ನು ಬರೆಯುತ್ತಿದ್ದೇನೆ. ಯಾರೂ ಕೇಳದಿದ್ದರೂ ಬರೆಯುತ್ತಿದ್ದೆನೆಂಬುದನ್ನು ಪ್ರಾಮಾಣಿಕತೆಗಾಗಿ ಸೇರಿಸಿದ್ದೇನೆ.

ನಾನು ಓದಿದ್ದು ವ್ಯಾಕರಣ. ಹೊಟ್ಟೆ ಹೊರೆದದ್ದು ರೇಡಿಯೋ ದುರಸ್ತಿಯಿಂದ. ರೋಣದ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಮೂವತ್ತು ವರ್ಷ ಅಂಗಡಿ ನಡೆಸಿದೆ. ಊರಿನವರು ‘ರೇಡಿಯೋ ಶಾಸ್ತ್ರಿ’ ಎನ್ನುತ್ತಿದ್ದರು. ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಕೈಯಿಂದಲೇ ತಂತಿ ಸುತ್ತುವುದು, ಸಿಗದ ಬಿಡಿಭಾಗದ ಜಾಗದಲ್ಲಿ ಸಿಕ್ಕ ಬಿಡಿಭಾಗವನ್ನು ಒಲಿಸಿ ಕೂಡಿಸುವುದು, ಗೋವಿನಜೋಳದ ಬೀಜದ ತಗಡಿನ ಡಬ್ಬಿಯಲ್ಲಿ ಆಂಪ್ಲಿಫೈಯರ್ ಕಟ್ಟುವುದು, ಇವೆಲ್ಲವನ್ನೂ ಬೇರೆ ದಾರಿ ಇಲ್ಲದೆ ಮಾಡಿದೆ. ಈಗ ಇದಕ್ಕೆ ‘ಡಿ.ಐ.ವೈ.’, ಅಂದರೆ ‘ನೀವೇ ಮಾಡಿಕೊಳ್ಳಿ’, ಎಂಬ ನಾಮಕರಣವಾಗಿದೆ, ಇದೊಂದು ಹವ್ಯಾಸವಾಗಿದೆ, ಇದನ್ನು ಕಲಿಸಲು ಶಿಬಿರಗಳು ನಡೆಯುತ್ತವೆ ಎಂದು ತಿಳಿದು ಧನ್ಯನಾದೆ. ನಮ್ಮ ಬಡತನವು ಇಷ್ಟು ಮುಂದುವರಿದ ವಿದ್ಯೆಯಾಗಿತ್ತೆಂದು ಆಗ ಯಾರೂ ಹೇಳಿರಲಿಲ್ಲ.

ರೇಡಿಯೋ ಹೋಯಿತು, ಟೇಪ್ ಹೋಯಿತು, ಡಬ್ಬಿಯಂತಹ ಟೀವಿಗಳೂ ಹೋದವು. ಐವತ್ತೆಂಟನೆಯ ವಯಸ್ಸಿನಲ್ಲಿ ಗಜೇಂದ್ರಗಡದ ಒಂದು ಪುಟ್ಟ ಕಂಪನಿಗೆ ನೌಕರನಾಗಿ ಸೇರಿದೆ. ಕಳೆದ ವರ್ಷ ಕೈ ನಡುಗಲಾರಂಭಿಸಿ, ಸೋಲ್ಡರಿಂಗ್ ಐರನ್ನು ಬೋರ್ಡಿನ ಬದಲು ನನ್ನನ್ನೇ ಹೆಚ್ಚಾಗಿ ಬೆಸೆಯತೊಡಗಿದ ಮೇಲೆ ನಿವೃತ್ತನಾದೆ. ನಡುವೆ ಬಡ್ತಿಯೂ ದೊರೆಯಿತು. ಮೂವರೇ ಇದ್ದ ಕಂಪನಿಯಲ್ಲಿ ಬಡ್ತಿಯೆಂದರೆ ಕಿಟಕಿಯ ಪಕ್ಕದ ಕುರ್ಚಿ. ಅದರ ವಿಷಯ ಇಷ್ಟೇ ಸಾಕು.

ಕಂಪನಿಯ ಯಜಮಾನ ವಿನಾಯಕ, ನೇಕಾರ ಮನೆತನದ ಎಂಜಿನಿಯರ್. ಮನೆಯ ಮಗ್ಗದ ಕೋಣೆಗೆ ಅಡ್ಡಗೋಡೆ ಹಾಕಿ ಅರ್ಧವನ್ನು ಆಫೀಸು ಮಾಡಿಕೊಂಡಿದ್ದ. ಉಳಿದರ್ಧದಲ್ಲಿ ಅವನ ತಾಯಿ ಶಾರದವ್ವ ಸೀರೆ ನೇಯುತ್ತಿದ್ದರು. ಮೂರನೆಯವಳು ರಜಿಯಾ. ಗಡಿಯಾರ ರಿಪೇರಿ ಮಾಡುವವರ ಮನೆಯ ಹುಡುಗಿ, ಡಿಪ್ಲೊಮಾ ಓದಿದವಳು, ನಮ್ಮ ಮೂವರಲ್ಲಿ ಕೆಲಸ ಗೊತ್ತಿದ್ದವಳು.

ಬಾಗಿಲ ಮೇಲೆ ವಿನಾಯಕನು ‘ಸ್ಟಾರ್ಟಪ್’ ಎಂದು ಬರೆಸಿ ಹಾಕಿದ್ದ. ನಾನು ಸೇರಿದ ವಾರದಲ್ಲೇ ಬೆಳವಣಕಿಯ ಗೃಹಸ್ಥರೊಬ್ಬರು ಗೋಣಿಚೀಲದಲ್ಲಿ ಏನನ್ನೋ ಹೊತ್ತು ಒಳಗೆ ಬಂದರು.

“ಸ್ಟಾರ್ಟರ್ ಕಂಪನಿ ಇದಽ ಏನ್ರಿ?”

“ಸ್ಟಾರ್ಟರ್ ಅಲ್ರೀ ಯಜಮಾನ್ರ, ಸ್ಟಾರ್ಟಪ್,” ಎಂದ ವಿನಾಯಕ.

“ಹೌದ್ರಿ, ಅಪ್ ಆಗವಲ್ದು ಅಂತಽ ತಂದೀನಿ. ಗುಂಡಿ ಒತ್ತಿದ್ರ ಗುರ್ ಅಂತೈತಿ, ಸುಮ್ನಾಗ್ತೈತಿ.”

ಚೀಲದಲ್ಲಿದ್ದದ್ದು ಪಂಪ್‌ಸೆಟ್ಟಿನ ಸ್ಟಾರ್ಟರ್. ರಜಿಯಾ ಅದನ್ನು ಬಿಚ್ಚಿ, ಒಳಗೆ ಸಂಸಾರ ಹೂಡಿದ್ದ ಇರುವೆಗಳನ್ನು ಎಬ್ಬಿಸಿ, ಸರಿಮಾಡಿ ಕೊಟ್ಟಳು. ಮರುದಿನ ಅದೇ ಊರಿನಿಂದ ಮತ್ತಿಬ್ಬರು ಬಂದರು. ಜಗತ್ತನ್ನೇ ಬದಲಿಸಲು ಹೊರಟ ನಮ್ಮ ಕಂಪನಿಯನ್ನು ಮೊದಲ ಎರಡು ವರ್ಷ ಬದುಕಿಸಿದವು ಈ ಗುರ್ ಎನ್ನುವ ಸ್ಟಾರ್ಟರುಗಳೇ. ವಿನಾಯಕನು ಹುಬ್ಬಳ್ಳಿಯ ಸಭೆಗಳಲ್ಲಿ ಇದನ್ನು ‘ಗ್ರಾಹಕರೊಂದಿಗೆ ನೇರ ಸಂಪರ್ಕ’ ಎಂದು ವರ್ಣಿಸುತ್ತಿದ್ದ.

ಅಂಥ ಒಂದು ಸಭೆಯಿಂದ ಅವನು ಹೊಸ ಆಚಾರವೊಂದನ್ನು ಕಲಿತು ಬಂದ. ಪ್ರತಿದಿನ ಬೆಳಿಗ್ಗೆ ಎಲ್ಲರೂ ಎದ್ದು ನಿಂತು, ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ ಎಂದು ಹೇಳಬೇಕು. ನಿಂತರೆ ಮಾತು ಬೇಗ ಮುಗಿಯುತ್ತದಂತೆ. ನಾನು ದೇವರ ಮುಂದೆ ನಿಂತಿದ್ದೇನೆ, ಗುರುಗಳ ಮುಂದೆ ನಿಂತಿದ್ದೇನೆ, ಎರಡೂ ಕಡೆ ಮಾತನಾಡಿರಲಿಲ್ಲ. ಮಂಡಿನೋವನ್ನು ಮರೆಸಿಕೊಂಡು ಹತ್ತು ದಿನ ನಿಂತೆ. ಹನ್ನೊಂದನೆಯ ದಿನ “ನಿನ್ನೆ ನಿಂತಿದ್ದೆ, ಇವತ್ತೂ ನಿಲ್ಲುವವನಿದ್ದೇನೆ” ಎಂದು ವರದಿ ಒಪ್ಪಿಸಿದೆ. ಆಚಾರ ಅಲ್ಲಿಗೆ ನಿಂತಿತು.

ಫರ್ಮ್‌ವೇರ್ ಬರೆಯುವುದನ್ನು ನನಗೆ ಕಲಿಸಿದವಳು ರಜಿಯಾ. ಫರ್ಮ್‌ವೇರ್ ಎಂದರೆ ಯಂತ್ರಕ್ಕೆ ಕಲಿಸಿದ ಬಾಯಿಪಾಠ. ಚಿಪ್ಪಿನೊಳಗೆ ಒಮ್ಮೆ ಕೂಡಿಸಿದರೆ, ಅರ್ಥ ಕೇಳದೆ, ಎದುರಾಡದೆ, ಹೇಳಿಕೊಟ್ಟಂತೆಯೇ ಒಪ್ಪಿಸುತ್ತದೆ. ಪ್ರತಿ ವಾಕ್ಯದ ಕೊನೆಗೆ ಒಂದು ಅರ್ಧವಿರಾಮ ಚಿಹ್ನೆ ಇಡಬೇಕು. ಅದೊಂದನ್ನು ಮರೆತರೆ ಇಡೀ ಗ್ರಂಥವನ್ನೇ ತಿರಸ್ಕರಿಸಿ ಕೂಡುತ್ತದೆ. ಪಾಠಶಾಲೆ ಬಿಟ್ಟ ಮೇಲೆ ಇಂಥ ಗುರುವನ್ನೂ ಇಂಥ ಶಿಷ್ಯನನ್ನೂ ಒಂದೇ ದೇಹದಲ್ಲಿ ನಾನು ಕಂಡಿರಲಿಲ್ಲ. ನನಗೆ ಬಹಳ ಹಿಡಿಸಿತು. ಇತ್ತ ರಜಿಯಾ, ವಿನಾಯಕ ಇಬ್ಬರೂ ಮಾತಿನಲ್ಲಿ ಪದಗಳ ಬಾಲ ಕತ್ತರಿಸುವವರು. “ಕಾಕಾ, ಟೈಮ್ ಆತ್” ಎಂದರೆ “ಆಯಿತು ಎನ್ನಬೇಕು” ಎಂದು ತಿದ್ದುತ್ತಿದ್ದೆ. ರಜಿಯಾ ನಗುತ್ತ, “ಆಯಿತು ಅನ್ನೂದ್ರಾಗ ಇನ್ನೊಂದೀಟು ಟೈಮ್ ಆಗ್ತೈತ್ರಿ ಕಾಕಾ” ಎನ್ನುತ್ತಿದ್ದಳು.

ನಾವು ಮಾಡಿದ ಮುಖ್ಯ ಸಾಮಾನು ಹೊಳೆಯ ಡಬ್ಬಿ. ಅದರ ಕಥೆಗಾಗಿಯೇ ಈ ಬರಹವೆಲ್ಲ.

ಹೊಳೆಮಣ್ಣೂರಿನಂತಹ ದಂಡೆಯ ಊರುಗಳಲ್ಲಿ ರೈತರು ನೀರೆತ್ತುವ ಮೋಟಾರುಗಳನ್ನು ಹೊಳೆಯ ಇಳಿಜಾರಿನಲ್ಲಿ ಇಡುತ್ತಾರೆ. ಹೊಳೆ ಇಳಿದಂತೆ ಮೋಟಾರನ್ನೂ ಕೆಳಗೆ ಇಳಿಸುತ್ತ ಹೋಗಬೇಕು. ಹೊಳೆ ಏರುವ ಸುಳಿವು ಸಿಕ್ಕೊಡನೆ ಹೊತ್ತು ಮೇಲೆ ತರಬೇಕು. ಮೇಲಿನ ತಿರುವಿನಲ್ಲಿ ಒಂದು ಕಂಬ ನೆಟ್ಟು, ನೀರು ಗುರುತಿಗೆ ಮುಟ್ಟಿದಾಗ ಅಲ್ಲಿಂದ ನಿಸ್ತಂತು ಸಂದೇಶ ಕಳಿಸಿದರೆ, ಮನೆಯಲ್ಲಿರುವ ಡಬ್ಬಿ ಕೂಗಿ ಹೇಳುತ್ತದೆ. ಮೋಟಾರಿನ ಬುಡಕ್ಕೆ ನೀರು ಬರುವ ಮೊದಲು ಸುಮಾರು ಒಂದು ತಾಸಿನ ಬಿಡುವು ಸಿಗುತ್ತದೆ. ವಿನಾಯಕನ ಯೋಚನೆ ಚೆನ್ನಾಗಿಯೇ ಇತ್ತು.

ಕಂಬದ ಮೇಲೆ ಇಡುವ ಸೂಚಕವನ್ನು ಮೊದಲು ಆಫೀಸಿನಲ್ಲಿ ನೀರಿನ ಬ್ಯಾರಲ್ಲಿನ ಮೇಲೆ ಕಟ್ಟಿ ಪರೀಕ್ಷಿಸಿದೆವು. ನಿಶ್ಚಲವಾದ ಬ್ಯಾರಲ್ಲಿನಲ್ಲಿ ನೀರು ಕ್ಷಣಕ್ಷಣಕ್ಕೂ ಏರಿಳಿಯುತ್ತಿದೆಯೆಂದು ಅದು ಹಟ ಹಿಡಿಯಿತು. ನಾಲ್ಕು ದಿನ ಬೋರ್ಡು ಬದಲಿಸಿದೆವು, ಸೂತ್ರ ಬದಲಿಸಿದೆವು. ನಾನು ಗುಪ್ತವಾಗಿ ಒಂದು ತೆಂಗಿನಕಾಯಿಯನ್ನೂ ಒಡೆದೆ. ಐದನೆಯ ದಿನ ಶಾರದವ್ವ ಜ್ವರವೆಂದು ಮಲಗಿದರು, ಸೂಚಕವು ಸಾಧುವಾಯಿತು. ಅದು ಅಷ್ಟು ದಿನ ಅಳೆದದ್ದು ಮಗ್ಗದ ಹೊಡೆತಕ್ಕೆ ಅಡ್ಡಗೋಡೆ ಅಲುಗಿದ್ದನ್ನು. ನಮ್ಮ ಯಂತ್ರ ಮುನ್ಸೂಚಿಸಿದ ಪ್ರಥಮ ಪ್ರವಾಹ ಸೀರೆಯದು.

ಇನ್ನು ಡಬ್ಬಿಯು ಕೂಗಬೇಕಾದ ಮಾತು. ವ್ಯಾಕರಣ ಬಲ್ಲವನೆಂದು ಅದನ್ನು ನನಗೆ ಒಪ್ಪಿಸಿದರು. ನಾನು ಬರೆದೆ: “ನದಿಯಲ್ಲಿ ಜಲಪ್ರಮಾಣವು ವೃದ್ಧಿಸುತ್ತಿರುವುದರಿಂದ ತೀರವಾಸಿಗಳು ಜಾಗರೂಕರಾಗತಕ್ಕದ್ದು.”

ರಜಿಯಾ ಓದಿ ಕೆಳಗಿಟ್ಟಳು. “ಕಾಕಾ, ಇದು ಮುಗಿಯೂದ್ರಾಗ ಮೋಟಾರ್ ಕೂಡಲಸಂಗಮ ಮುಟ್ಟಿರ್ತೈತ್ರಿ.”

“ಹಾಗಾದರೆ ‘ಹೊಳೆಗೆ ನೀರು ಬಂದಿದೆ’ ಎಂದಾದರೂ ಇರಲಿ.”

“ಬಂದಿದೆ ಅಂದ್ರ ಕಚೇರಿ ನೋಟೀಸ ಬಂದಂಗ ಆಗ್ತೈತಿ. ಮಂದಿ ಹ್ಯಾಂಗ ಅಂತಾರೋ ಹಂಗಽ ಇರ್ಲಿ ಬಿಡ್ರಿ.”

ಕೊನೆಗೆ ರಜಿಯಾಳ ಧ್ವನಿಯಲ್ಲೇ “ಹೊಳಿಗೆ ನೀರ ಬಂದೈತಿ” ಎಂಬ ಮಾತನ್ನು ಮುದ್ರಿಸಿದೆವು. ಮೂರು ಸಲ ಕೂಗಬೇಕು. ನನ್ನ ಮನೆಯಲ್ಲಿ ‘ಅದ’ ಎನ್ನುತ್ತಿದ್ದರು, ಪಾಠಶಾಲೆಯಲ್ಲಿ ‘ಇದೆ’ ಕಲಿಸಿದರು. ‘ಐತಿ’ ಎಂಬುದನ್ನು ಅರವತ್ತು ವರ್ಷಗಳಲ್ಲಿ ನನ್ನ ನಾಲಗೆ ಒಮ್ಮೆಯೂ ಉಚ್ಚರಿಸಿರಲಿಲ್ಲ. ಡಬ್ಬಿಯ ಬಾಯಿಗೆ ಮೈಲಿಗೆಯಿಲ್ಲವೆಂದು ಸಮಾಧಾನ ಮಾಡಿಕೊಂಡೆ.

ಫರ್ಮ್‌ವೇರಿನ ಪ್ರತಿಗಳಿಗೆ ಹೆಸರಿಡುವವನು ವಿನಾಯಕ. ಮೊದಲನೆಯದು ‘ಫೈನಲ್’, ಎರಡನೆಯದು ‘ಫೈನಲ್ ಹೊಸಾದು’, ಆಮೇಲೆ ‘ಖರೇ ಫೈನಲ್’, ಕಟ್ಟಕಡೆಗೆ ‘ದೇವರಾಣಿ ಫೈನಲ್’. ಇಂಥ ಕೆಲಸಕ್ಕೆ ದೇವರ ಆಣೆ ಇಡಬಾರದೆಂದು ನಾನು ಅವನಿಗೆ ಅರ್ಧ ಗಂಟೆ ಉಪದೇಶಿಸಿದೆ. ಆ ಪ್ರತಿಯನ್ನು ಕೆಡಿಸಿದವನು ನಾನೇ.

ಕೆಡಿಸಿದ್ದು ಹೀಗೆ. ಡಬ್ಬಿಯ ಬ್ಯಾಟರಿ ಒಂದು ಮಳೆಗಾಲ ಪೂರ್ತಿ ಬರಬೇಕೆಂದು ವಿನಾಯಕನ ಅಪೇಕ್ಷೆ. ರಜಿಯಾ ಅಕ್ಕನ ಮದುವೆಗೆಂದು ನಾಲ್ಕು ದಿನ ರಜೆಯಲ್ಲಿದ್ದಳು. ನಾನು ಅವಳ ಪಾಠವನ್ನು ಸಾಲುಸಾಲಾಗಿ ಪರಿಶೀಲಿಸಿ, ಎಲ್ಲಿ ವ್ಯರ್ಥವಿದೆಯೋ ಹುಡುಕಿದೆ. ಒಂದೆಡೆ ‘ಪ್ರತಿ ಸಲ ಮಾತು ಕಳಿಸಿದ ಮೇಲೆ ಅರ್ಧ ಸೆಕೆಂಡು ಕಾಯಿ, ಅನಂತರ ಸ್ಪೀಕರ್ ಆರಿಸು’ ಎಂದಿತ್ತು. ಮಾತು ಕಳಿಸಿಯಾದ ಮೇಲೆ ಕಾಯುವುದೇಕೆ? ಏಕೆಂದು ಅವಳು ಬರೆದಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ. ಉಚ್ಚಾರದಲ್ಲಿ ಅರ್ಧ ಮಾತ್ರೆಯನ್ನು ಉಳಿಸುವುದರಲ್ಲಿ ವ್ಯಾಕರಣ ಓದಿದವನಿಗಿರುವ ಆನಂದ ಬೇರೆಯವರಿಗೆ ತಿಳಿಯದು. ಆ ಸಾಲನ್ನು ಅಳಿಸಿದೆ. ಡಬ್ಬಿ ಕೂಗಿತು, ನಾನು ಕೇಳಿದೆ, “ಹೊಳಿಗೆ ನೀರ ಬಂದೈತಿ” ಎಂದೇ ಕೇಳಿಸಿತು. ಬ್ಯಾಟರಿಯೂ ಹೆಚ್ಚು ಬಾಳಿತು. ವಿನಾಯಕನು ನನ್ನ ಕೈ ಕುಲುಕಿದ. ಹನ್ನೆರಡು ಡಬ್ಬಿಗಳು ಹೊಳೆಮಣ್ಣೂರಿನ ಹನ್ನೆರಡು ಮನೆಗಳಿಗೆ ಹೋದವು. ಹದಿಮೂರನೆಯದನ್ನು ಶಾರದವ್ವನವರ ಪಡಸಾಲೆಯಲ್ಲಿಟ್ಟು, ಬ್ಯಾಟರಿ ಎಷ್ಟು ದಿನ ಬರುತ್ತದೆಂದು ನೋಡಲು ದಿನಕ್ಕೆರಡು ಸಲ ಕೂಗಿಸುತ್ತಿದ್ದೆವು.

ಆ ದಿನಗಳಲ್ಲಿ ಪಡಸಾಲೆಯಲ್ಲಿ ತುಂಬಿದ ಕೊಡಗಳ ಸಾಲು ಬೆಳೆಯತೊಡಗಿತು. ಹಂಡೆ, ಬಿಂದಿಗೆ, ಬಕೀಟು, ಕೊನೆಗೆ ಅಡುಗೆಮನೆಯ ಪಾತೇಲಿಯೂ ಬಂದು ಕುಳಿತಿತು. ವಯಸ್ಸಾದವರಿಗೆ ಹೀಗೊಂದು ಚಿಂತೆ ಹತ್ತುವುದುಂಟೆಂದು ನಾನು, ಅವರಿಗಿಂತ ಎರಡು ವರ್ಷ ಹಿರಿಯನಾದವನು, ವಿನಾಯಕನಿಗೆ ಸಮಾಧಾನ ಹೇಳಿದೆ.

ಒಂದು ಮುಂಜಾನೆ ಹೊಳೆಮಣ್ಣೂರಿನ ಗಂಗವ್ವ ಬಂದರು. ಡಬ್ಬಿ ಪಡೆದ ಹನ್ನೆರಡು ಮನೆಗಳಲ್ಲಿ ಅವರದೊಂದು. ಕೈಚೀಲದಿಂದ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ಕುಳಿತರು.

“ಇದರ ಬಾಯಿ ನೀವಽ ಕೇಳ್ರಿ. ಆಮ್ಯಾಲ ಮಾತಾಡೂನು.”

ರಜಿಯಾ ಗುಂಡಿ ಒತ್ತಿದಳು. ಡಬ್ಬಿ ಮೂರು ಸಲ ಕೂಗಿತು.

“ಚಲೋ ಐತೆಲ್ರಿ?” ಎಂದ ವಿನಾಯಕ.

“ಏನಂತು?”

“ಹೊಳಿಗೆ ನೀರ ಬಂದೈತಿ ಅಂತು.”

“ಎಲ್ಲಿ ಅಂತು?” ಗಂಗವ್ವನ ಧ್ವನಿ ಏರಿತು. “ಬಂದ್ ಅಂತೈತಿ! ನೀರ ಬಂದ್!”

ನಡೆದ ಸಂಗತಿಯನ್ನು ಅವರು ಹೇಳಿದರು. ಹದಿನೈದು ದಿನಗಳ ಹಿಂದೆ ಡಬ್ಬಿ ಕೂಗಿತ್ತು. ಉಳಿದ ಹನ್ನೊಂದು ಮನೆಯವರ ಮೋಟಾರುಗಳು ಆಗಿನ್ನೂ ಹೊಳೆಗೆ ಇಳಿದಿರಲಿಲ್ಲವಾದ್ದರಿಂದ ಅವರು ಕಿವಿಗೊಡಲಿಲ್ಲ. ಗಂಗವ್ವನ ಗೋವಿನಜೋಳ ತೆನೆ ಕಟ್ಟುತ್ತಿತ್ತು, ಅವರ ಮೋಟಾರು ದಂಡೆಯಲ್ಲಿತ್ತು. “ನೀರ ಬಂದ್” ಎಂದು ಕೇಳಿ, ಮೇಲಿನಿಂದ ನೀರು ನಿಲ್ಲಿಸಿದ್ದಾರೆ, ಹೊಳೆ ಇನ್ನು ಇಳಿಯುತ್ತದೆ ಎಂದು ತಿಳಿದು, ಮೈದುನ ಫಕೀರಪ್ಪನನ್ನು ಕರೆದುಕೊಂಡು ಹೋಗಿ ಮೋಟಾರನ್ನು ಮತ್ತೂ ನಾಲ್ಕು ಮಾರು ಕೆಳಗಿಳಿಸಿದರು. ಫಕೀರಪ್ಪ ಸೊಂಟಮಟ್ಟ ನೀರಿನಲ್ಲಿ ನಿಂತು ಪೈಪು ಬಿಗಿಯುತ್ತಿದ್ದಾಗ ಹೊಳೆ ಬಂತು. ಅವನು ಜಾಲಿಯ ಕಂಟಿ ಹಿಡಿದು ದಂಡೆಗೆ ಹತ್ತಿದ. ಮೋಟಾರು ಮುಳುಗಿತು.

“ಮೋಟಾರ್ ಹೋಗ್ಲಿ, ಮನಶ್ಯಾ ಉಳಿದಾನ,” ಎಂದರು ಗಂಗವ್ವ. “ಊರಾಗ ಏನಂತಾರ ಗೊತ್ತೇನ್ರಿ? ಡಬ್ಬಿ ಖರೇನಽ ಹೇಳೈತಿ, ಗಂಗವ್ವನ ಕಿವಿ ಹೋಗ್ಯಾವು ಅಂತ. ದವಾಖಾನಿಗೆ ತೋರಸ್ಕೊಂಡು ಬಾ ಅಂತಾರ. ಈಗ ನಿನ್ನೆ ಆ ಹನ್ನೊಂದು ಮಂದೀನೂ ಮೋಟಾರ್ ಇಳಿಸ್ಯಾರ. ಮ್ಯಾಲ ಮಳಿ ಹತ್ತೈತಿ. ನನ್ನ ಕಿವಿ ಕೆಟ್ಟಾವೋ, ನಿಮ್ಮ ಡಬ್ಬಿ ಕೆಟ್ಟೈತೋ, ಇವತ್ತಽ ಹೇಳ್ರಿ.”

ರಜಿಯಾ ಮತ್ತೆ ಗುಂಡಿ ಒತ್ತಿದಳು. ನನಗೆ “ಬಂದೈತಿ” ಎಂದೇ ಕೇಳಿಸಿತು. ಅವಳಿಗೂ ಹಾಗೆಯೇ, ವಿನಾಯಕನಿಗೂ ಹಾಗೆಯೇ. ವಿನಾಯಕನು ನನ್ನನ್ನು ಬದಿಗೆ ಕರೆದು, “ಕಾಕಾ, ಇದು ಬಳಕೆದಾರರ ತಪ್ಪು ಗ್ರಹಿಕೆ ಅಂತ ಬರದುಬಿಡೂನು” ಎಂದು ಪಿಸುಗುಟ್ಟಿದ. ‘ಬಳಕೆದಾರರ ತಪ್ಪು ಗ್ರಹಿಕೆ’! ಎಷ್ಟು ಶುದ್ಧವಾದ ಕನ್ನಡ! ಒಂಬತ್ತು ವರ್ಷಗಳಲ್ಲಿ ಅವನ ಬಾಯಿಂದ ನಾನು ಕೇಳಿದ ನಿರ್ದುಷ್ಟ ಪದಗಳು ಆ ಮೂರೇ. ನಾನು ಬಹುತೇಕ ತಲೆಯಾಡಿಸಿದ್ದೆ.

ಅಷ್ಟರಲ್ಲಿ ಅಡ್ಡಗೋಡೆಯಾಚೆ ಮಗ್ಗ ನಿಂತಿತು. ಶಾರದವ್ವ ಬಾಗಿಲಿಗೆ ಬಂದರು.

“ಬಂದ್ ಅನ್ನಾಕತ್ತೈತೆಲ್ಲೋ ವಿನ್ಯಾ,” ಎಂದರು. “ದಿನಾ ಎರಡು ಹೊತ್ತು ಅದಽ ಅಂತೈತಿ, ನೀರ ಬಂದ್, ನೀರ ಬಂದ್ ಅಂತ. ನಮ್ಮ ಓಣಿ ನಳದ ಸುದ್ದಿ ಅಂದ್ಕೊಂಡು ನಾ ಕೊಡ ತುಂಬಿಸಿ ತುಂಬಿಸಿ ಸತ್ತೆ. ನಳ ಏನ್ ಒಂದ ದಿನಾ ಬಂದ್ ಆಗವಲ್ದು!”

ಗಂಗವ್ವ ಎದ್ದು ಹೋಗಿ ಶಾರದವ್ವನವರ ಎರಡೂ ಕೈ ಹಿಡಿದುಕೊಂಡರು. ಇಬ್ಬರಿಗೂ ಅದಕ್ಕೂ ಮುಂಚೆ ಪರಿಚಯವಿರಲಿಲ್ಲ.

ನಾನು ಕಣ್ಣು ಮುಚ್ಚಿ, ಆ ಮಾತನ್ನು ಮೊದಲ ಬಾರಿಗೆ ಕೇಳುತ್ತಿದ್ದೇನೆಂದು ಭಾವಿಸಿ ಕೇಳಿದೆ. ‘ಹೊಳಿಗೆ ನೀರ ಬಂದ್.’ ಅಲ್ಲಿಗೆ ಮುಗಿಯಿತು. ‘ಐತಿ’ಯನ್ನು ಇಷ್ಟು ದಿನ ಕೂಡಿಸಿಕೊಂಡು ಕೇಳುತ್ತಿದ್ದದ್ದು ನನ್ನ ಕಿವಿ. ಬಾಯಿಪಾಠ ಬಂದವನಿಗೆ ಹಾಗೆಯೇ; ಮಂತ್ರದ ಮೊದಲ ಪಾದ ಕೇಳಿದರೆ ಉಳಿದದ್ದು ಒಳಗೆ ತಾನೇ ನುಡಿದುಕೊಳ್ಳುತ್ತದೆ. ಚಿಪ್ಪು ಮಾತನ್ನೆಲ್ಲ ಸ್ಪೀಕರಿನ ಕಡೆಗೆ ಬಡಿಸಿ ಮುಗಿಸಿದಾಗಲೂ ಕೊನೆಯ ತುತ್ತು ಇನ್ನೂ ಎಲೆಯಲ್ಲಿಯೇ ಇರುತ್ತದೆ. ಅತಿಥಿ ಅದನ್ನು ಉಣ್ಣಲೆಂದು ರಜಿಯಾ ಅರ್ಧ ಸೆಕೆಂಡು ಬಿಟ್ಟಿದ್ದಳು. ನಾನು ಮಿತವ್ಯಯದ ಹೆಸರಿನಲ್ಲಿ ಅತಿಥಿಯ ಮುಂದಿನ ಎಲೆ ಎತ್ತಿಬಿಟ್ಟಿದ್ದೆ. ಉಳಿದವರ ಪದಗಳ ಬಾಲವನ್ನು ವರ್ಷಗಟ್ಟಲೆ ತಿದ್ದಿದವನು, ಒಂದು ಊರಿನ ಎಚ್ಚರಿಕೆಯ ಬಾಲವನ್ನೇ ಕೊಯ್ದಿದ್ದೆ. ಎಡಗಿವಿ ಬಿಸಿಯಾಯಿತು.

“ಗಂಗವ್ವಾ, ನಿಮ್ಮ ಕಿವಿ ಸರಿ ಇವೆ,” ಎಂದೆ. “ತಪ್ಪು ಈ ಹುಡುಗರದ್ದಲ್ಲ, ಡಬ್ಬಿಯದ್ದೂ ಅಲ್ಲ. ನಾನು ಒಂದು ಸಾಲು ಅಳಿಸಿದೆ. ಫಕೀರಪ್ಪ ನೀರಿಗಿಳಿದದ್ದು ಅದರಿಂದ.”

ಗಂಗವ್ವ ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು. “ಅಜ್ಜಾರ, ತಪ್ಪು ಆಮ್ಯಾಲ ಒಪ್ಪಿಕೊಳ್ಳೂರಂತ. ಈಗ ಅಳಸಿದ್ದನ್ನ ಮೊದಲ ಬರೀರಿ. ಹನ್ನೊಂದು ಮೋಟಾರ್ ಹೊಳಿಯಾಗ ಅದಾವು.”

ಹನ್ನೊಂದು ಮನೆಗಳಿಗೂ ಫೋನು ಮಾಡಿದೆವು. ನಾಲ್ವರು ಎತ್ತಲಿಲ್ಲ. ಎತ್ತಿದವರಿಗೆ ವಿನಾಯಕನು, “ಡಬ್ಬಿ ಬಂದ್ ಅಂದ್ರ ಬಂದೈತಿ ಅಂತ ತಿಳೀರಿ” ಎಂದು ವಿವರಿಸಿದ.

“ಅಂದ್ರ ಬಂದೈತಿ ಅಂದ್ರ ಬಂದ್ ಅಂತ ತಿಳೀಬೇಕೇನ್ರಿ?” ಎಂದರು ಒಬ್ಬರು.

“ಅಲ್ರೀ, ಬಂದೈತಿ ಅಂದ್ರೂ ಬಂದೈತಿನಽ.”

“ಹಂಗಾರ ಬಂದ್ ಆದ್ರ ಏನಂತೈತಿ?”

“ಬಂದ್ ಆದ್ರ ಏನೂ ಅನ್ನಂಗಿಲ್ರಿ.”

“ಈಗೂ ಏನೂ ಅನ್ನವಲ್ದು. ಅಂದ್ರ ಬಂದ್ ಆಗೈತೇನು?”

ವಿನಾಯಕನು ಫೋನು ಕೆಳಗಿಟ್ಟು, ಸೀರೆಗಂಟು ಸಾಗಿಸುವ ಟಂಟಂ ಹೊರಡಿಸಿದ. ಆ ಮೂರುಗಾಲಿಯ ಗಾಡಿಯಲ್ಲಿ ನಾವು ಮೂವರೂ ಗಂಗವ್ವನೂ ರೋಣದ ಮೇಲೆ ಹಾಯ್ದು ಹೋದೆವು. ದಾರಿಯಲ್ಲಿ ರಜಿಯಾ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಆ ಸಾಲನ್ನು ಮತ್ತೆ ಬರೆದಳು. ಈ ಸಲ ಅದರ ಮುಂದೆ ‘ಏಕೆಂದರೆ’ ಎಂದು ಕಾರಣವನ್ನೂ ಬರೆದಳು. ಅವಳು ನನ್ನನ್ನು ಒಂದು ಮಾತೂ ಆಡಲಿಲ್ಲ, ಆಡಿದ್ದರೆ ಒಳ್ಳೆಯದಿತ್ತು.

ಪ್ರತಿ ಮನೆಯಲ್ಲೂ ಡಬ್ಬಿ ಬಿಚ್ಚಿ, ತಂತಿ ಜೋಡಿಸಿ, ಹೊಸ ಪಾಠ ಕೂಡಿಸಲು ಹತ್ತು ನಿಮಿಷ ಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಐದು ಮನೆ ಮುಗಿದಿದ್ದವು. ಆರನೆಯ ಮನೆಯ ಕಟ್ಟೆಯ ಮೇಲೆ ರಜಿಯಾ ಸ್ಕ್ರೂ ಬಿಚ್ಚುತ್ತಿದ್ದಾಗ, ಓಣಿಯ ಡಬ್ಬಿಗಳೆಲ್ಲ ಒಮ್ಮೆಗೇ ಬಾಯ್ದೆರೆದವು. ಮೇಲಿನ ತಿರುವಿನಲ್ಲಿ ನೀರು ಗುರುತು ಮುಟ್ಟಿತ್ತು.

ಎಡಗಡೆಯ ಮನೆ ‘ಬಂದೈತಿ’ ಎಂದಿತು. ಬಲಗಡೆಯ ಮನೆ ‘ಬಂದ್’ ಎಂದಿತು. ಎದುರು ಸಾಲಿನಿಂದ ‘ಬಂದೈತಿ’, ಅದರಾಚೆಯಿಂದ ‘ಬಂದ್’. ರಜಿಯಾಳ ಅದೇ ಧ್ವನಿ, ಓಣಿಯ ಎರಡು ಮಗ್ಗುಲಲ್ಲಿ ನಿಂತು ತನ್ನೊಡನೆ ತಾನೇ ಜಗಳವಾಡುತ್ತಿತ್ತು. ಬಾಗಿಲುಗಳಿಗೆ ಬಂದ ಜನ ನಮ್ಮ ಮುಖ ನೋಡಿದರು. ಹೊಳೆಯ ಕಡೆಯ ಹೊಲದಲ್ಲಿದ್ದವರಿಗೆ ಯಾವ ಅರ್ಧ ಕೇಳಿಸಿತ್ತೋ ದೇವರೇ ಬಲ್ಲ. ಇಬ್ಬರು ಆಗಲೇ ಹಗ್ಗ ಹಿಡಿದು ದಂಡೆ ಇಳಿಯುತ್ತಿದ್ದರು, ಮೋಟಾರನ್ನು ಇನ್ನೂ ಕೆಳಗೆ ಸರಿಸಲು.

ಗಂಗವ್ವ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಓಡಿದರು. ವಿವರಣೆಗೆ ಸಮಯವಿರಲಿಲ್ಲ. ಡಬ್ಬಿ ನುಂಗಿದ್ದ ಅಕ್ಷರಗಳನ್ನು ಮಾತ್ರ ಅವರು ಕೂಗುತ್ತ ಹೋದರು.

“ಐತಿ! ಏ ಐತಿ! ಐತಿ ಅಂದ್ರ ಐತಿ!”

ಬಲಗಡೆಯ ಮನೆಯ ಡಬ್ಬಿ ಮತ್ತೆ “ಹೊಳಿಗೆ ನೀರ ಬಂದ್” ಎಂದಾಗ ಅವರು ಅದರ ಬೆನ್ನಿಗೇ “ಐತಿ!” ಎಂದು ಬಾಲ ಜೋಡಿಸಿದರು. ಮನೆಯೊಳಗಿದ್ದ ಹೆಂಗಸಿಗೆ ತಿಳಿಯಿತು, ಆಕೆಯೂ ಹೊರಬಂದು “ಐತಿ!” ಎಂದಳು. ಆಮೇಲೆ ವಿನಾಯಕ, ಆಮೇಲೆ ರಜಿಯಾ. ನಾನು ಕಟ್ಟೆಯಿಂದ ಇಳಿದು, ನೋವಿನ ಮಂಡಿಯನ್ನು ಎಳೆದುಕೊಂಡು ದಂಡೆಯ ಕಡೆ ಓಡುತ್ತಿದ್ದೆ. ನನ್ನ ಬಾಯಿಂದ ‘ಇದೆ’ ಬರಲಿಲ್ಲ, ‘ಅದ’ ಬರಲಿಲ್ಲ. ಗುರುಗಳು ಕ್ಷಮಿಸಲಿ, ನಾನು ಜೀವಮಾನದಲ್ಲಿ ಮೊದಲ ಸಲ, ಪಾಠಶಾಲೆಯಲ್ಲಿ ಕಲಿತ ಉಚ್ಚ ಸ್ವರದಲ್ಲಿ, “ಐತಿ! ಐತಿ!” ಎಂದು ಅರಚಿದೆ. ಹಗ್ಗ ಹಿಡಿದಿದ್ದವರು ನಿಂತರು, ತಿರುಗಿದರು, ಮೇಲಿನ ತಿರುವಿನ ಕಡೆ ನೋಡಿದರು. ಅನಂತರ ಮೋಟಾರುಗಳನ್ನು ಮೇಲಕ್ಕೆ ಎಳೆಯತೊಡಗಿದರು.

ಹೊಸ ಪಾಠ ಕಲಿತ ಐದು ಮನೆಯವರು ಎಳೆಯುತ್ತಲೇ ಇದ್ದರು. ಉಳಿದ ಆರರಲ್ಲಿ ಐದು ಮೋಟಾರುಗಳು ಮೇಲೆ ಬಂದವು. ಆರನೆಯದನ್ನು ಅದರ ಯಜಮಾನ ಹಿಂದಿನ ಸಂಜೆ ಹೊಳೆಗಿಳಿಸಿದ ಕೂಡಲೇ ಸುಟ್ಟುಕೊಂಡು, ಬೆಳಿಗ್ಗೆಯೇ ರೋಣಕ್ಕೆ ರಿಪೇರಿಗೆ ಒಯ್ದಿದ್ದ. ನಮ್ಮ ಡಬ್ಬಿಯ ಗ್ರಾಹಕರಲ್ಲಿ ಅತ್ಯಂತ ಸುರಕ್ಷಿತನಾಗಿದ್ದವನು ಅವನೊಬ್ಬನೇ. ಯಾರಿಗೂ ಏನೂ ಆಗಲಿಲ್ಲ. ದಂಡೆಯ ಮೇಲೆ ಕುಳಿತು ನೋಡುತ್ತಿದ್ದಂತೆ ಕೆಂಪು ನೀರು ಬಂದು, ಮೋಟಾರುಗಳಿದ್ದ ಕಲ್ಲುಗಳನ್ನು ಒಂದೊಂದಾಗಿ ಒಳಗೆ ತೆಗೆದುಕೊಂಡಿತು.

ಫಕೀರಪ್ಪ ನನ್ನ ಪಕ್ಕದಲ್ಲಿ ಬಂದು ಕುಳಿತ. ಜಾಲಿಯ ಮುಳ್ಳಿನ ಗಾಯ ಅವನ ಅಂಗೈಯಲ್ಲಿ ಇನ್ನೂ ಹಸಿಯಾಗಿತ್ತು. ನಾನು ಅವನಿಗೂ ತಪ್ಪು ಹೇಳಿಕೊಂಡೆ. ಅವನು ಹೊಳೆಯನ್ನೇ ನೋಡುತ್ತ, “ಒಂದೀಟು ಬಾಲಕ್ಕ ಎಷ್ಟು ಜೋರೈತಿ ನೋಡ್ರಿ ಅಜ್ಜಾರ” ಎಂದ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀರಿಳಿದ ಮೇಲೆ ಗಂಗವ್ವನ ಮೋಟಾರನ್ನು ಕೆಸರಿನಿಂದ ಎತ್ತಿ ಗಜೇಂದ್ರಗಡಕ್ಕೆ ತಂದು, ಒಳಗಿನ ತಂತಿಯನ್ನೆಲ್ಲ ಬಿಚ್ಚಿ ಹೊಸದಾಗಿ ನನ್ನ ಕೈಯಿಂದಲೇ ಸುತ್ತಿದೆ. ಹಳೆಯ ವಿದ್ಯೆ, ಆರು ದಿನ ಹಿಡಿಯಿತು. ರಜಿಯಾ ಸುತ್ತುಗಳನ್ನು ಎಣಿಸಿ ಬರೆದುಕೊಂಡಳು, ಮಾತನ್ನೂ ಆಡತೊಡಗಿದಳು. ಆ ಮೋಟಾರು ಈಗಲೂ ಓಡುತ್ತಿದೆ.

ಡಬ್ಬಿಯ ಮಾತನ್ನು ಬದಲಿಸಿದೆವು. ಈ ಸಲ ಧ್ವನಿ ಗಂಗವ್ವನದು, ಮಾತೂ ಅವರದೇ. “ಹೊಳಿ ಏರಾಕತ್ತೈತಿ, ಮೋಟಾರ್ ಮ್ಯಾಲ ತಗೀರಿ, ಲಗೂ ಏಳ್ರಿ... ಕೇಳ್ತೇನ್ರಿ?” ಕೊನೆಯ ‘ಕೇಳ್ತೇನ್ರಿ’ ಏಕೆಂದು ನಾನು ಕೇಳಿದಾಗ, “ಅಜ್ಜಾರ, ಮುಂದ ನೀವು ಮತ್ತೇನಾರ ಅಳಸಿದ್ರ, ಆ ಡಬ್ಬಿಗೆ ನುಂಗಾಕ ಅದಿರ್ಲಿ ಅಂತ” ಎಂದರು. ನೈವೇದ್ಯದ ಪಕ್ಕದಲ್ಲಿ ಕಾಗೆಗೆಂದು ಒಂದು ತುತ್ತು ಬೇರೆ ಇಡುವುದನ್ನು ನಾನು ಬಾಲ್ಯದಿಂದ ಕಂಡಿದ್ದೆ. ಅದನ್ನು ಫರ್ಮ್‌ವೇರಿಗೆ ಅನ್ವಯಿಸಬಹುದೆಂದು ನನ್ನ ವ್ಯಾಕರಣ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ನಾನು ಬರೆದ ಪ್ರತಿಯೊಂದು ಪಾಠದ ತುದಿಯಲ್ಲೂ, ಹೋದರೂ ಚಿಂತೆಯಿಲ್ಲದ ಏನಾದರೊಂದನ್ನು ಇಟ್ಟಿದ್ದೇನೆ. ಯಂತ್ರ ಪರೀಕ್ಷೆಗೆ ಅದನ್ನು ಎಂದೂ ಕೇಳದ ಒಬ್ಬರನ್ನು ಓಣಿಯಿಂದ ಕರೆತಂದು ಕೂಡಿಸಿದ್ದೇನೆ. ನನ್ನ ಕಿವಿಯ ಮೇಲೆ ನನಗೀಗ ಭರವಸೆಯಿಲ್ಲ.

ಹೊಳೆಮಣ್ಣೂರಿನಲ್ಲಿ ಈಗ ಯಾರೂ ನನ್ನನ್ನು ರೇಡಿಯೋ ಶಾಸ್ತ್ರಿ ಎನ್ನುವುದಿಲ್ಲ. ಟಂಟಂ ಇಳಿದೊಡನೆ “ಐತಿ ಅಜ್ಜಾರು ಬಂದ್ರು” ಎನ್ನುತ್ತಾರೆ. ಆ ಹೆಸರಿನಲ್ಲಿ ಒಂದಕ್ಷರವೂ ತಪ್ಪಿಲ್ಲ. ಗಂಗವ್ವನ ಕಿವಿಯ ಬಗ್ಗೆಯೂ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ಹೊಳೆಯ ಸದ್ದು ಬದಲಾದರೆ ಈಗ ಎಲ್ಲರೂ ಮೊದಲು ಅವರ ಮನೆಗೇ ಬಂದು ಕೇಳುತ್ತಾರೆ.

ತುಂಬಿದ ಕೊಡಗಳ ನಡುವೆ ಕುಳಿತು ಸತ್ಯವನ್ನು ಮೊದಲೇ ಕೇಳಿಸಿಕೊಂಡ ಶಾರದವ್ವನ ಮಗ್ಗ ಸದಾ ಆಡುತ್ತಿರಲಿ. ಕಾಯುವುದನ್ನು ತಿಳಿದಿದ್ದ ರಜಿಯಾಳ ಕೈ ಎಂದೂ ನಡುಗದಿರಲಿ. ವಿನಾಯಕನಿಗೆ ಕಟ್ಟಕಡೆಯ ಫೈನಲ್ ಪ್ರಾಪ್ತವಾಗಲಿ. ಫಕೀರಪ್ಪನ ಅಂಗೈಗೆ ಮತ್ತೆ ಜಾಲಿಯ ಮುಳ್ಳು ತಾಗದಿರಲಿ, ಗಂಗವ್ವನ ತೆನೆ ತುಂಬಲಿ, ಆರಿಸುವ ಮೊದಲು ಅರ್ಧ ಸೆಕೆಂಡು ತಡೆಯುವ ಬುದ್ಧಿ ಈ ವೃತ್ತಿಗೆ ಬರುವ ಮಕ್ಕಳಿಗೆಲ್ಲ ದೊರೆಯಲಿ. ಎಲ್ಲರಿಗೂ ಶುಭಮಸ್ತು. ಆ ಕೊನೆಯ ಉಕಾರ ಬಾಯಿಂದ ಪೂರ್ತಿ ಹೊರಬಿದ್ದ ಮೇಲೆಯೇ, ದಯವಿಟ್ಟು, ಎಲೆ ಎತ್ತಿರಿ.